ಶಾಲೆಯ ಅಂಗಳದಲ್ಲಿ ಒಂದು ಕೋಲು

ಹಿರಿಯ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯನ್ನು ನೋಡಿದರೆ ಮೊದಲ ಗಂಟೆ ಗಣಿತಕ್ಕೆ, ಎರಡನೆಯದು ಕನ್ನಡಕ್ಕೆ, ಮೂರನೆಯದು ವಿಜ್ಞಾನಕ್ಕೆ, ಅದರ ಮುಂದಿನದು ಸಮಾಜ ಪಾಠಕ್ಕೆ ಮೀಸಲಾಗಿರುತ್ತದೆ. ಗಂಟೆ ಬಾರಿಸಿತೆಂದರೆ ಒಂದು ಪುಸ್ತಕ ಚೀಲದೊಳಕ್ಕೆ ಹೋಗಿ ಇನ್ನೊಂದು ಹೊರಕ್ಕೆ ಬರುತ್ತದೆ. ಪ್ರಕೃತಿಗೆ ಮಾತ್ರ ಈ ವೇಳಾಪಟ್ಟಿ ತಿಳಿಯದು. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಬೆಳಗಿನಿಂದ ಸಂಜೆಯವರೆಗೆ ಸರಿಯುತ್ತ ಹೋಗುವಾಗ ಅದು ಗಣಿತವೋ ಭೂಗೋಳವೋ ಭೌತವಿಜ್ಞಾನವೋ ಎಂದು ವಿಂಗಡಿಸಿ ಹೇಳಬಲ್ಲವರು ಯಾರು?

ಈ ಪುಟಗಳ ವಾಚಕರಲ್ಲಿ ಬಹುಮಂದಿ ಆರು, ಏಳು, ಎಂಟನೆಯ ತರಗತಿಗಳನ್ನು ಇತ್ತೀಚೆಗಷ್ಟೆ ದಾಟಿ ಬಂದವರು. ಆ ತರಗತಿಗಳಲ್ಲಿ ‘ಚಟುವಟಿಕೆ’ ಎಂಬ ಹೆಸರಿನಿಂದ ತಾವು ಮಾಡಿದ್ದು ಏನೆಂಬುದನ್ನು ಅವರು ನೆನಪಿಗೆ ತಂದುಕೊಳ್ಳಲಿ. ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದ್ದು, ಪುಸ್ತಕದ ಚಿತ್ರವನ್ನು ದೊಡ್ಡದಾಗಿ ಬರೆದು ಗೋಡೆಗೆ ತೂಗುಹಾಕಿದ್ದು, ಇಂಥವೇ ಹೆಚ್ಚಾಗಿರಬಹುದು. ಅವು ನಿರರ್ಥಕವೆಂದು ನಾವು ಹೇಳುವುದಿಲ್ಲ. ಆದರೆ ಅವುಗಳ ಫಲ ಮೊದಲೇ ಗೊತ್ತಿರುತ್ತದೆ. ಫಲ ಗೊತ್ತಿಲ್ಲದ ಒಂದು ಕೆಲಸಕ್ಕೆ ಮಕ್ಕಳನ್ನು ಹಚ್ಚಿದರೆ ಏನಾಗುತ್ತದೆ? ಕೋಲಿನ ಉದಾಹರಣೆಯಿಂದಲೇ ನೋಡೋಣ.

ಸಲಕರಣೆ ಅತಿ ಸಾಮಾನ್ಯವಾದುದು. ನೆಲದ ಮೇಲೆ ಸರಿಯಾಗಿ 1 ಮೀಟರ್ ನಿಲ್ಲುವ ನೇರವಾದ ಕೋಲು, ದಾರ, ಒಂದು ಕಲ್ಲು, ಸುಣ್ಣದ ಕಡ್ಡಿ, ಅಳತೆಪಟ್ಟಿ, ಗಡಿಯಾರ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ಎಲ್ಲ ಕಡೆಗಳಿಂದಲೂ ನೋಡಬೇಕು. ನೀರು ಚೆಲ್ಲಿ ನೆಲ ಸಮತಟ್ಟಾಗಿದೆಯೇ ಎಂದು ಪರೀಕ್ಷಿಸಬೇಕು. ನಮ್ಮ ಪ್ರಾಚೀನ ಜ್ಯೋತಿಷಿಗಳು ಇದನ್ನೇ ಶಂಕು ಎಂದು ಕರೆದರು. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ನೆರಳಿನ ಲೆಕ್ಕಗಳಿಗೆಂದೇ ಛಾಯಾವ್ಯವಹಾರವೆಂಬ ಪ್ರಕರಣವುಂಟು. ತರಗತಿಯನ್ನು ನಾಲ್ವರು ನಾಲ್ವರ ಗುಂಪುಗಳಾಗಿ ಮಾಡಿ, ಆಕಾಶ ಶುಭ್ರವಾಗಿರುವ ಡಿಸೆಂಬರಿನ ಒಂದು ದಿನ, ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತುಮಾಡಿಸಬೇಕು. ಪ್ರಶ್ನೆ ಒಂದೇ: ನೆರಳು ಅತ್ಯಂತ ಗಿಡ್ಡವಾಗುವುದು ಎಷ್ಟು ಗಂಟೆಗೆ?

ಮೊದಲ ಜಗಳ ಹುಟ್ಟುವುದು ತುದಿಯ ವಿಷಯದಲ್ಲಿ. ಒಬ್ಬ ಹುಡುಗಿ ಇಲ್ಲಿ ಎನ್ನುತ್ತಾಳೆ, ಪಕ್ಕದವನು ಒಂದು ಬೆರಳಗಲ ಆಚೆ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸೂರ್ಯನು ಒಂದು ಬಿಂದುವಲ್ಲ. ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಬಿಂಬದ ಮೇಲಂಚಿನಿಂದ ಬಂದ ಕಿರಣ ಒಂದು ಕಡೆ ನೆಲ ಮುಟ್ಟಿದರೆ ಕೆಳಗಂಚಿನಿಂದ ಬಂದದ್ದು ಇನ್ನೊಂದು ಕಡೆ ಮುಟ್ಟುತ್ತದೆ. ಆದಕಾರಣ ನೆರಳಿನ ತುದಿ ಕತ್ತರಿಸಿದಂತೆ ನಿಲ್ಲದೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದಕ್ಕೆ ಮಸುಕಾಗಿ ಹರಡಿರುತ್ತದೆ. ಉಪಾಧ್ಯಾಯರು ಇಲ್ಲಿ ಅವಸರಪಟ್ಟು ತೀರ್ಪು ಕೊಡಬಾರದು. ಸ್ವಲ್ಪ ಹೊತ್ತು ಬಿಟ್ಟರೆ ಮಕ್ಕಳೇ ಉಪಾಯ ಹುಡುಕುತ್ತಾರೆ. ಕೋಲಿನ ತಲೆಗೆ ಸಣ್ಣ ರಂಧ್ರವುಳ್ಳ ರಟ್ಟನ್ನು ಸಿಕ್ಕಿಸಿದರೆ ನೆರಳಿನ ನಡುವೆ ಬೆಳಕಿನ ಒಂದು ಬೊಟ್ಟು ಬೀಳುತ್ತದೆ. ಅದರ ನಡುವನ್ನು ಗುರುತಿಸುವುದು ಎಷ್ಟೋ ಸುಲಭ. ಆ ಬೊಟ್ಟು ಸೂರ್ಯನದೇ ಚಿತ್ರವೆಂದು ತಿಳಿದಾಗ ಮಕ್ಕಳ ಮುಖ ನೋಡಬೇಕು!

ಎರಡನೆಯ ತೊಡಕು ಇನ್ನೂ ಗಹನವಾದುದು. ನಡುಹಗಲಿನ ಸಮೀಪದಲ್ಲಿ ನೆರಳಿನ ಉದ್ದ ಬದಲಾಗುವುದು ಬಹು ನಿಧಾನ. ಬೆಂಗಳೂರಿನಲ್ಲಿ ಡಿಸೆಂಬರ್ 22ರ ಸುಮಾರಿಗೆ 1 ಮೀಟರ್ ಕೋಲಿನ ಕನಿಷ್ಠ ನೆರಳು ಸುಮಾರು 74 ಸೆಂಟಿಮೀಟರ್. ಅದಕ್ಕೆ ಹತ್ತು ನಿಮಿಷ ಹಿಂದೆ ಅಥವಾ ಮುಂದೆ ಅಳೆದರೆ ಹೆಚ್ಚುವುದು ಎರಡು ಮಿಲಿಮೀಟರಿನಷ್ಟು ಮಾತ್ರ. ಹೀಗಾಗಿ ಒಂದು ಗುಂಪು 12 ಗಂಟೆ 10 ನಿಮಿಷ ಎಂದರೆ ಇನ್ನೊಂದು 12 ಗಂಟೆ 25 ನಿಮಿಷ ಎನ್ನುತ್ತದೆ. ಇದಕ್ಕೆ ಪರಿಹಾರ ಶಂಕುವಿನ ಕಾಲದ್ದೇ. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ದಾರದಿಂದ 78 ಸೆಂಟಿಮೀಟರ್ ತ್ರಿಜ್ಯದ ವೃತ್ತವೊಂದನ್ನು ಎಳೆಯಬೇಕು. ನೆರಳಿನ ತುದಿ ವೃತ್ತದೊಳಕ್ಕೆ ಬರುವ ಹೊತ್ತನ್ನೂ, ಮರಳಿ ಹೊರಕ್ಕೆ ಹೋಗುವ ಹೊತ್ತನ್ನೂ ಬರೆದುಕೊಳ್ಳಬೇಕು. ಒಂದು 11 ಗಂಟೆ 33 ನಿಮಿಷ, ಇನ್ನೊಂದು 1 ಗಂಟೆ 3 ನಿಮಿಷ ಆದರೆ ನಡುವಿನ ಕಾಲ 12 ಗಂಟೆ 18 ನಿಮಿಷ. ವೃತ್ತದ ಮೇಲಿನ ಆ ಎರಡು ಗುರುತುಗಳನ್ನು ಸೇರಿಸುವ ಗೆರೆ ಪೂರ್ವ ಪಶ್ಚಿಮ ದಿಕ್ಕುಗಳನ್ನೂ ತೋರಿಸಿಬಿಡುತ್ತದೆ.

12 ಗಂಟೆ 18 ನಿಮಿಷ! ಆದರೆ ಮಕ್ಕಳು ಕೇಳುತ್ತ ಬಂದಿರುವುದು ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು. ಈಗ ಟಿಪ್ಪಣಿ ಪುಸ್ತಕದಲ್ಲಿ ಯಾವುದನ್ನು ಬರೆಯಬೇಕು? ನಾವು ನೋಡಿದ ಒಂದು ತರಗತಿಯಲ್ಲಿ ಹುಡುಗನೊಬ್ಬ ತಾನು ಕಂಡುಹಿಡಿದ ಅಂಕೆಯನ್ನು ರಬ್ಬರಿನಿಂದ ಅಳಿಸಿ, ಮೇಲೆ ಗುಂಡಗಿನ ಅಕ್ಷರದಲ್ಲಿ 12 ಎಂದು ಬರೆದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಈ ಸಣ್ಣ ಸಂಗತಿಯನ್ನು ನಾವು ಸಣ್ಣದೆಂದು ಎಣಿಸಲಾರೆವು. ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸುವ ಮೊದಲೇ “ಉತ್ತರ ಎಷ್ಟು ಬರಬೇಕು?” ಎಂದು ಕೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ನಮಗೆ ಸಿಗುತ್ತಾರೆ. ಗುರುತ್ವ ವೇಗೋತ್ಕರ್ಷ 9.8 ಎಂದು ತಿಳಿದ ಮೇಲೆ ಕಾಲದ ಅಳತೆಗಳು ಅದಕ್ಕೆ ತಕ್ಕಂತೆ ಹಿಂದಿನಿಂದ ಮುಂದಕ್ಕೆ ಹುಟ್ಟಿಕೊಳ್ಳುತ್ತವೆ. ಅವರು ಮೋಸಗಾರರಲ್ಲ, ಬುದ್ಧಿವಂತರೇ; ಪುಸ್ತಕಕ್ಕೂ ಕಣ್ಣಿಗೂ ವಿರೋಧ ಬಂದಾಗ ಕಣ್ಣನ್ನು ಬಿಟ್ಟುಕೊಡುವ ಅಭ್ಯಾಸ ಅವರಿಗೆ ಆಗಿಹೋಗಿದೆ. ಆ ಅಭ್ಯಾಸ ಆರಂಭವಾಗುವುದು ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ, ಆ ರಬ್ಬರಿನಿಂದ.

ಹಾಗಾದರೆ 18 ನಿಮಿಷ ಎಲ್ಲಿಂದ ಬಂತು? ಇಲ್ಲಿ ಭೂಗೋಳ ತಾನಾಗಿಯೇ ತರಗತಿಯೊಳಕ್ಕೆ ಬರುತ್ತದೆ. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ. ಬೆಂಗಳೂರು 77.6 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ ಸೂರ್ಯ ಬೆಂಗಳೂರಿಗೆ ಸುಮಾರು 20 ನಿಮಿಷ ತಡವಾಗಿ ಬರುತ್ತಾನೆ, ಮಂಗಳೂರಿಗೆ ಇನ್ನೂ 11 ನಿಮಿಷ ತಡವಾಗಿ. ಉಳಿದ ಒಂದೆರಡು ನಿಮಿಷದ ಕಥೆ ಬೇರೆ. ಭೂಮಿಯ ಕಕ್ಷೆ ಸರಿಯಾದ ವೃತ್ತವಲ್ಲ, ಅದರ ಅಕ್ಷವೂ ಓರೆ. ಈ ಎರಡು ಕಾರಣಗಳಿಂದ ನಿಜವಾದ ನಡುಹಗಲು ವರ್ಷವಿಡೀ ಹಿಂದು ಮುಂದಾಗುತ್ತಿರುತ್ತದೆ. ಇದೇ ಬೆಂಗಳೂರಿನಲ್ಲಿ ನವೆಂಬರಿನ ಮೊದಲ ವಾರ ಅಳೆದವರಿಗೆ 12 ಗಂಟೆ 3 ನಿಮಿಷವೂ, ಫೆಬ್ರವರಿಯ ನಡುವೆ ಅಳೆದವರಿಗೆ 12 ಗಂಟೆ 34 ನಿಮಿಷವೂ ಸಿಗುತ್ತದೆ. 12 ಎಂದು ಅಳಿಸಿ ಬರೆದವನು ಇದೆಲ್ಲವನ್ನೂ ಅಳಿಸಿಬಿಟ್ಟನಲ್ಲವೆ?

ಆಗ ಮಗು ಇನ್ನೊಂದು ಪ್ರಶ್ನೆ ಕೇಳುತ್ತದೆ: ನಮ್ಮ ಊರಿಗೆ ನಮ್ಮದೇ ಹನ್ನೆರಡು ಏಕಿಲ್ಲ? ಇದು ಸಮಾಜ ಪಾಠ. ಭಾರತಕ್ಕೆಲ್ಲ ಒಂದೇ ಕಾಲವೆಂಬುದು 1906ರ ಜನವರಿ 1ರಂದು ಜಾರಿಗೆ ಬಂತು. ಕಲ್ಕತ್ತಾ ನಗರ ತನ್ನ ಸ್ವಂತ ಕಾಲವನ್ನು 1948ರವರೆಗೂ, ಮುಂಬಯಿ 1955ರವರೆಗೂ ಬಿಟ್ಟುಕೊಡಲಿಲ್ಲ. ರೈಲಿನ ವೇಳಾಪಟ್ಟಿಗೆ ಒಂದೇ ಗಡಿಯಾರ ಬೇಕಾಯಿತು; ಸೂರ್ಯ ಅದಕ್ಕೆ ಒಪ್ಪಲಿಲ್ಲ, ಅಷ್ಟೆ.

ಕೋಲನ್ನು ವರ್ಷವೆಲ್ಲ ಇಟ್ಟುಕೊಂಡರೆ ಮತ್ತೊಂದು ಸೋಜಿಗ ಕಾದಿದೆ. ಡಿಸೆಂಬರಿನಲ್ಲಿ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಜೂನ್ 21ರ ಸುಮಾರಿಗೆ ಅದೇ ಕೋಲಿನ ನೆರಳು ಬೆಂಗಳೂರಿನಲ್ಲಿ ಸುಮಾರು 18 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ದೆಹಲಿಯ ಮಕ್ಕಳಿಗೆ ಈ ನೋಟ ಎಂದೂ ಸಿಗಲಾರದು. ಅವರ ನಡುಹಗಲಿನ ನೆರಳು ಸದಾ ಉತ್ತರಕ್ಕೇ. ಕರ್ಕವೃತ್ತದ ದಕ್ಷಿಣಕ್ಕಿರುವ ನಮಗೆ ವರ್ಷದಲ್ಲಿ ಎರಡು ದಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಬೆಂಗಳೂರಿನಲ್ಲಿ ಅವು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ.

ಈ ದಿನವನ್ನು ಹಿಡಿದು ಎರಡು ಊರಿನ ಶಾಲೆಗಳು ಕೂಡಿ ಭೂಮಿಯನ್ನೇ ಅಳೆಯಬಹುದು. ಈಜಿಪ್ಟಿನಲ್ಲಿ ಎರಟೋಸ್ತನೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಾಡಿದ್ದು ಇದನ್ನೇ. ನಮ್ಮ ಅದೃಷ್ಟಕ್ಕೆ ಬೀದರವು ಬೆಂಗಳೂರಿನ ನೇರ ಉತ್ತರಕ್ಕಿದೆ. ಎರಡರ ರೇಖಾಂಶಗಳೂ ಹೆಚ್ಚುಕಡಿಮೆ ಒಂದೇ. ನಕ್ಷೆಯಲ್ಲಿ ನೇರವಾಗಿ ಅಳೆದರೆ ನಡುವಿನ ದೂರ ಸುಮಾರು 550 ಕಿಲೋಮೀಟರ್ (ಬಸ್ಸಿನ ದಾರಿಯ ದೂರ ಇಲ್ಲಿ ಕೆಲಸಕ್ಕೆ ಬಾರದು, ಏಕೆ ಬಾರದೆಂಬುದೂ ಒಂದು ಪಾಠ). ಬೆಂಗಳೂರಿನಲ್ಲಿ ನೆರಳಿಲ್ಲದ ನಡುಹಗಲಿನಲ್ಲಿ ಬೀದರದ 1 ಮೀಟರ್ ಕೋಲಿಗೆ ಸುಮಾರು 8.6 ಸೆಂಟಿಮೀಟರ್ ನೆರಳಿರುತ್ತದೆ. ಏಳನೆಯ ತರಗತಿಗೆ ತ್ರಿಕೋಣಮಿತಿ ಬಾರದು, ಬೇಕಾಗಿಯೂ ಇಲ್ಲ. ಪ್ರಮಾಣಕ್ಕೆ ಸರಿಯಾಗಿ ತ್ರಿಭುಜ ಬರೆದು ಕೋನಮಾಪಕದಿಂದ ಅಳೆದರೆ 5 ಡಿಗ್ರಿ. ಪೂರ್ಣ ವೃತ್ತದಲ್ಲಿ ಅಂಥವು 72. 72ನ್ನು 550ರಿಂದ ಗುಣಿಸಿದರೆ 39,600 ಕಿಲೋಮೀಟರ್. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ ಸುಮಾರು 40,008. ಉಬ್ಬಿಹೋಗುವ ಮೊದಲು ಇನ್ನೊಂದು ಲೆಕ್ಕ ಮಾಡಿಸಬೇಕು: ಕೋನವನ್ನು ಅರ್ಧ ಡಿಗ್ರಿ ಕಡಿಮೆ ಓದಿದ್ದರೆ 44,000, ಅರ್ಧ ಡಿಗ್ರಿ ಹೆಚ್ಚು ಓದಿದ್ದರೆ 36,000. ಈ ಎರಡು ಅಂಕೆಗಳು ಮೊದಲಿನದಕ್ಕಿಂತ ಹೆಚ್ಚು ಕಲಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಆದರೆ ಬೀದರದವರಿಗೆ ಕಾಗದ ಬರೆಯಬೇಕಲ್ಲ! “ಮಧ್ಯಾಹ್ನ ಕೋಲಿನ ನೆರಳನ್ನು ಅಳೆದು ತಿಳಿಸಿರಿ” ಎಂದು ಬರೆದರೆ ಯಾವ ಕೋಲು, ನೆಲದಿಂದ ಎಷ್ಟು ಎತ್ತರ, ಗಡಿಯಾರದ ಮಧ್ಯಾಹ್ನವೋ ಸೂರ್ಯನದೋ ಎಂಬುದೊಂದೂ ತಿಳಿಯದು. ಕಾಣದ ಓದುಗನು ತಪ್ಪು ತಿಳಿಯದಂತೆ ಹತ್ತು ವಾಕ್ಯ ಬರೆಯುವುದಕ್ಕಿಂತ ಉತ್ತಮವಾದ ಕನ್ನಡ ಪ್ರಬಂಧ ಯಾವುದುಂಟು?

ವಿಷಯಗಳನ್ನು ಒಂದು ಕೆಲಸದ ಸುತ್ತ ಹೆಣೆಯುವ ವಿಚಾರ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಸೇರಿದ ಸಮ್ಮೇಳನ ಕೈಕಸಬನ್ನು ಶಿಕ್ಷಣದ ನಡುವಿಗೆ ತಂದಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರಚಿಸಿತು. ಆದರೆ ಹೆಣಿಗೆ ಬಲವಂತದ್ದಾಗಬಾರದು. ನೂಲಿನ ಎಳೆಗೆ ಭೂಗೋಳವನ್ನು ಗಂಟುಹಾಕಲೇಬೇಕೆಂದು ಹೊರಟರೆ ಎರಡೂ ಸಿಕ್ಕಾಗುತ್ತವೆ. ಪ್ರಶ್ನೆ ಕರೆದಾಗ ಮಾತ್ರ ಒಂದು ವಿಷಯ ಒಳಕ್ಕೆ ಬರಬೇಕು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ಇಂದಿನ ನರ್ಮದಾಪುರಂನಲ್ಲಿ, 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ನಮಗೆ ಹೆಚ್ಚು ಹತ್ತಿರವಾದುದು. ಆರರಿಂದ ಎಂಟನೆಯ ತರಗತಿಗಳಿಗಾಗಿ ಮಾಡಿದ ‘ಬಾಲ ವೈಜ್ಞಾನಿಕ’ ಪುಸ್ತಕ ಉತ್ತರಗಳನ್ನು ಕೊಡದೆ ಪ್ರಯೋಗಗಳನ್ನೂ ಪ್ರಶ್ನೆಗಳನ್ನೂ ಕೊಟ್ಟಿತು. ಪರೀಕ್ಷೆಗೆ ಪುಸ್ತಕ ಕೊಂಡೊಯ್ಯಬಹುದಾಗಿತ್ತು. ನಕಲುಮಾಡಲು ಅದರಲ್ಲಿ ಉತ್ತರವೇ ಇರಲಿಲ್ಲ! 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಪ್ರಯತ್ನ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲೇ ನಡೆಯಿತೆಂಬುದನ್ನು, ‘ಇದೆಲ್ಲ ನಮ್ಮಲ್ಲಿ ಆಗದು’ ಎನ್ನುವವರು ಗಮನಿಸತಕ್ಕದ್ದು.

ನಮ್ಮ ರಾಜ್ಯದಲ್ಲಿ ಏಪ್ರಿಲಿನ ನೆರಳಿಲ್ಲದ ದಿನ ಬೇಸಗೆ ರಜೆಯಲ್ಲಿ ಕಳೆದುಹೋಗುತ್ತದೆ. ಉಳಿಯುವುದು ಆಗಸ್ಟ್, ಆಗ ಮೋಡದ ಕಾಟ. ಆದರೂ ಒಂದು ಅನುಕೂಲವುಂಟು. ನೆರಳಿಲ್ಲದ ನಡುಹಗಲು ಬೀದರದಲ್ಲಿ ಆಗಸ್ಟಿನ ಮೊದಲ ದಿನಗಳಲ್ಲಿ ಬಂದು, ದಿನದಿನಕ್ಕೆ ದಕ್ಷಿಣಕ್ಕೆ ಜಾರುತ್ತ, ಹುಬ್ಬಳ್ಳಿ ಬಳ್ಳಾರಿಗಳನ್ನು ತಿಂಗಳ ಎರಡನೆಯ ವಾರ ದಾಟಿ, 20ರ ಸುಮಾರಿಗೆ ಮೈಸೂರನ್ನು ತಲಪುತ್ತದೆ. ಮೂರು ವಾರಗಳಲ್ಲಿ ಒಂದೂರಿಗೆ ಮೋಡ ಕವಿದರೆ ಇನ್ನೊಂದೂರಿಗೆ ಬಿಸಿಲು ಬಿದ್ದೀತು. ನಿಮ್ಮ ಊರಿನ ಶಾಲೆಯಲ್ಲಿ ಕೋಲು ನೆಡಿಸಲು ಮನಸ್ಸುಳ್ಳವರು ಜುಲೈಯಲ್ಲೇ ಬೇರೆ ಊರಿನ ಶಾಲೆಯೊಂದಕ್ಕೆ ಕಾಗದ ಬರೆಸಬೇಕು. ಕೋಲಿನ ಎತ್ತರವನ್ನು ಅದರಲ್ಲಿ ನಮೂದಿಸಲು ಮರೆಯದಿರಲಿ.