ಆರು ಮೋಟರಿನ ನಿಲುವು

ದೇವಸುಗೂರಿನ ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಟರ್ಬೈನುಗಳು ತಿರುಗುತ್ತಿವೆ. ಈಗ ಅಲ್ಲಿ ಎಂಟು ಘಟಕ, 1720 ಮೆಗಾವಾಟ್. ನಿಮಿಷಕ್ಕೆ 3000 ಸುತ್ತು ಹಾಕುವ ಆ ಉದ್ದನೆಯ ಶಾಫ್ಟುಗಳು ಕೂದಲೆಳೆಯಷ್ಟು ಸರಿದು ಕೂತರೂ ನಡುಕ ಹುಟ್ಟುತ್ತದೆ, ಬೇರಿಂಗು ಕಾಯುತ್ತದೆ. ಡಯಲ್ ಗೇಜ್ ಹಿಡಿದು ಅಲೈನ್‌ಮೆಂಟ್ ನೋಡುವ ಕೆಲಸ ಈ ಊರಿಗೆ ಹೊಸದಲ್ಲ. ಡ್ರೋನಿನ ಮೋಟರು ನೆಟ್ಟಗೆ ನಿಲ್ಲಬೇಕು ಎಂದರೆ ಇಲ್ಲಿನವರು ಒಪ್ಪುತ್ತಾರೆ. ಆದರೆ ಯಾವ ಕಡೆಗೆ ವಾಲಿದರೆ ಕೇಡು ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು.

ನಮ್ಮ ಜಿಲ್ಲೆಯಲ್ಲಿ ಡ್ರೋನಿಗೆ ಮುಖ್ಯ ಕೆಲಸ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವುದು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆಯ ನೀರು ಕಂಡ ಹೊಲಗಳು. ಬೆನ್ನಿಗೆ ಪಂಪು ಕಟ್ಟಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆಯುತ್ತ, ಆ ವಿಷದ ಹನಿಯನ್ನೇ ಉಸಿರಾಡಿದವರ ಪಾಡು ಬಲ್ಲವರಿಗೆ ಈ ಯಂತ್ರದ ಬೆಲೆ ಗೊತ್ತು. ಆರು ತೋಳು, 10 ಲೀಟರಿನ ಟ್ಯಾಂಕು ಇರುವ ಡ್ರೋನು ಎಣ್ಣಿ ತುಂಬಿ ಎದ್ದಾಗ 25 ಕಿಲೋ ಆಸುಪಾಸು ತೂಗುತ್ತದೆ. 2021ರ ಡ್ರೋನ್ ನಿಯಮಗಳಲ್ಲಿ ‘ಸಣ್ಣ’ ಡ್ರೋನಿನ ಮಿತಿಯೂ 25 ಕಿಲೋ.

ಲೆಕ್ಕಕ್ಕೆ 24 ಕಿಲೋ ಎಂದಿಟ್ಟುಕೊಳ್ಳಿ. ಒಂದೊಂದು ಮೋಟರು 4 ಕಿಲೋ ಎತ್ತಬೇಕು. ಒಂದು ಮೋಟರು ಪಕ್ಕಕ್ಕೆ ಬರೀ 2 ಡಿಗ್ರಿ ವಾಲಿದೆ. ಎತ್ತುವ ಬಲದಲ್ಲಿ ನಷ್ಟ ಎಷ್ಟು? ಎರಡೂವರೆ ಗ್ರಾಮೂ ಇಲ್ಲ. ಆದರೆ ಪಕ್ಕಕ್ಕೆ ನೂಕುವ ಬಲ 140 ಗ್ರಾಂ ಹುಟ್ಟಿಕೊಂಡಿತು. ಆ ನೂಕು ಬೀಳುವುದು ತೋಳಿನ ತುದಿಯಲ್ಲಿ, ನಡುವಿನಿಂದ ಮುಕ್ಕಾಲು ಮೀಟರು ಆಚೆ.

ಗಾಣ ನೆನಪಿಸಿಕೊಳ್ಳಿ. ಎತ್ತು ಸುತ್ತ ನಡೆದರೆ ಗಾಣ ತಿರುಗುತ್ತದೆ. ಅದೇ ಎತ್ತು ನಡುವಿನ ಒರಳಿನ ಕಡೆಗೇ ಒತ್ತಿದರೆ ಏನೂ ತಿರುಗುವುದಿಲ್ಲ. ಮೋಟರೂ ಹಾಗೆಯೇ. ತೋಳಿನ ಉದ್ದಕ್ಕೆ, ಅಂದರೆ ಒಳಗೋ ಹೊರಗೋ ತುಸು ವಾಲಿದರೆ ದೊಡ್ಡ ಕೇಡಿಲ್ಲ. ತೋಳಿಗೆ ಅಡ್ಡವಾಗಿ ವಾಲಿದರೆ ಇಡೀ ಡ್ರೋನು ಗಾಣದಂತೆ ಸುತ್ತಲು ನೋಡುತ್ತದೆ.

ಹಾಗಾದರೆ ಡ್ರೋನು ಸುತ್ತುವುದಿಲ್ಲವೇಕೆ? ಆರರಲ್ಲಿ ಮೂರು ರೆಕ್ಕೆ ಬಲಕ್ಕೆ, ಮೂರು ಎಡಕ್ಕೆ, ಒಂದು ಬಿಟ್ಟು ಒಂದರಂತೆ ತಿರುಗುತ್ತವೆ. ರೆಕ್ಕೆ ಬಲಕ್ಕೆ ತಿರುಗಿದರೆ ಒಡಲಿಗೆ ಎಡಕ್ಕೆ ತಿರುಚು. ಆರೂ ಸೇರಿ ಒಂದನ್ನೊಂದು ಕಳೆಯುತ್ತವೆ. 2 ಡಿಗ್ರಿ ವಾಲಿದ ಮೋಟರು ತರುವ ತಿರುಚು, ಒಂದು ರೆಕ್ಕೆಯ ಈ ಸಹಜ ತಿರುಚಿಗೆ ಸರಿಸುಮಾರು ಸಮನಾಗಿಬಿಡುತ್ತದೆ. ಅದನ್ನು ತಡೆಯಲು ಫ್ಲೈಟ್ ಕಂಟ್ರೋಲರು ಮೂರು ಮೋಟರನ್ನು ಜೋರಾಗಿ, ಉಳಿದ ಮೂರನ್ನು ನಿಧಾನವಾಗಿ ಓಡಿಸುತ್ತದೆ. ಹಾರಿಸುವವನ ಕಣ್ಣಿಗೆ ಏನೂ ಕಾಣದು. ಟ್ಯಾಂಕು ತುಂಬಿದೆ, ಮುಂಗಾರಿನ ಪಡುವಣ ಗಾಳಿ ಬೀಸಿದೆ ಎನ್ನುವಾಗ, ಮೊದಲೇ ದಣಿದ ಆ ಮೂರು ಮೋಟರುಗಳಲ್ಲಿ ಇನ್ನಷ್ಟು ಏರಲು ಜಾಗವೇ ಉಳಿದಿರುವುದಿಲ್ಲ. ಆಗ ಕೈ ಮೀರುತ್ತದೆ.

ಈ ಅಡ್ಡ ವಾಲು ಬರುವುದು ಹೆಚ್ಚಾಗಿ ತೋಳಿನ ಆಕಾರದಿಂದ. ಕಾರ್ಬನ್ ನಾರಿನ ತೋಳು ದುಂಡು ಕೊಳವೆ; ಮೋಟರು ಅದಕ್ಕೆ ಕ್ಲಾಂಪಿನಲ್ಲಿ ಕೂತಿರುತ್ತದೆ. ಬೋಲ್ಟು ಸಡಿಲಾದರೆ ಕ್ಲಾಂಪು ಜಾರುವುದು ಅಡ್ಡಕ್ಕೇ. ಡ್ರೋನನ್ನು ಗಾಡಿಯ ಹಿಂದೆ ಹಾಕಿಕೊಂಡು ಹೊಲದ ದಾರಿಯಲ್ಲಿ ಕುಲುಕಿ ತಂದ ಮೇಲೆ ನೋಡದೆ ಹಾರಿಸುವುದು ತಪ್ಪು.

ನೋಡುವ ಬಗೆ ಇದು. ಮೊದಲು ಬ್ಯಾಟರಿ ತೆಗೆಯಿರಿ, ರೆಕ್ಕೆ ಬಿಚ್ಚಿರಿ; ತಿರುಗುವ ರೆಕ್ಕೆ ಬೆರಳು ಉಳಿಸುವುದಿಲ್ಲ. ಗಾರೆ ಕೆಲಸದವರ ರಸಮಟ್ಟ ಇಟ್ಟು ನಡುವಿನ ತಟ್ಟೆಯನ್ನು ಸಮ ಮಾಡಿಕೊಳ್ಳಿ. ಆಮೇಲೆ ಪ್ರತಿ ಮೋಟರಿನ ತಲೆಯ ಮೇಲೆ ತೋಳಿಗೆ ಅಡ್ಡವಾಗಿ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ರಸಮಟ್ಟ ಇಡಿ. ಪಟ್ಟಿ ಉದ್ದವಿದ್ದಷ್ಟೂ ತಪ್ಪು ದೊಡ್ಡದಾಗಿ ಕಾಣುತ್ತದೆ: ಒಂದು ಮೀಟರಿನ ಪಟ್ಟಿ 1 ಡಿಗ್ರಿ ವಾಲಿದರೆ ಎರಡು ತುದಿಗಳ ಎತ್ತರದಲ್ಲಿ 17 ಮಿಲಿಮೀಟರು ವ್ಯತ್ಯಾಸ. ತೋಳು ಮಡಚುವ ಕೀಲಿನಲ್ಲಿ ಆಟವಿದ್ದರೆ ಮೊದಲು ಅದನ್ನು ಸರಿಪಡಿಸಿ. ಒಂದು ಎಚ್ಚರಿಕೆ: ಕೆಲವು ತಯಾರಕರು ಮೋಟರನ್ನು ಬೇಕೆಂದೇ ಎರಡು ಮೂರು ಡಿಗ್ರಿ ವಾಲಿಸಿರುತ್ತಾರೆ. ಕೈಪಿಡಿ ಓದದೆ ಅದನ್ನು ನೆಟ್ಟಗೆ ಮಾಡಲು ಹೋಗಬಾರದು.

ಬಿಗಿ ಮಾಡಿದ ಮೇಲೆ ಟ್ಯಾಂಕಿಗೆ ಬರೀ ನೀರು ತುಂಬಿ, ಗಾಳಿ ಇಲ್ಲದ ಬೆಳಗಿನಲ್ಲಿ ನಾಲ್ಕೈದು ನಿಮಿಷ ಒಂದೇ ಕಡೆ ನಿಲ್ಲಿಸಿ. ವಿದ್ಯುತ್ ಸ್ಥಾವರದ ಸುತ್ತಮುತ್ತಲಾದರೆ, ಡ್ರೋನು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡದೆ ಎಬ್ಬಿಸುವಂತಿಲ್ಲ. ಇಳಿಸಿ, ಬ್ಯಾಟರಿ ತೆಗೆದು, ಆರೂ ಮೋಟರಿನ ಹತ್ತಿರ ಕೈ ಹಿಡಿಯಿರಿ. ಒಂದು ಬಿಟ್ಟು ಒಂದು ಮೋಟರು ಹೆಚ್ಚು ಕಾದಿದ್ದರೆ ವಾಲು ಇನ್ನೂ ಉಳಿದಿದೆ ಎಂದು ಗುಮಾನಿಪಡಬೇಕು.

ಎಲ್ಲ ಸರಿಯಿದ್ದರೆ ಕ್ಲಾಂಪಿನಿಂದ ಕೊಳವೆಗೆ ದಾಟುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಾಳೆ ಹೊಲದ ಬದುವಿನಲ್ಲಿ ಡ್ರೋನು ಇಳಿಸಿದಾಗ ಆರೂ ಗೆರೆ ನೋಡಿ. ಒಂದೇ ಒಂದು ಗೆರೆ ತುಂಡಾಗಿದ್ದರೂ ಟ್ಯಾಂಕಿಗೆ ಎಣ್ಣಿ ಹಾಕಬೇಡಿ, ಮೊದಲು ಪಾನಾ ತೆಗೆಯಿರಿ.