ಹೆಣ್ಣುಮಕ್ಕಳೂ ಅಡ್ಡಕಂಬಿಯೂ

ಆಟದ ಬಯಲಿನ ಅಡ್ಡಕಂಬಿಯನ್ನು ಮೊದಲ ಸಲ ಹಿಡಿದ ಹುಡುಗಿಯು ಒಂದು ಕ್ಷಣ ಜೋತಾಡಿ, ಕಾಲುಗಳನ್ನು ಬಡಿದು, ಗದ್ದವು ಕಂಬಿಯ ಹತ್ತಿರಕ್ಕೂ ಏರದಿರಲು ಕೈಬಿಟ್ಟು ನಗುತ್ತ ಹೊರಟುಹೋಗುವಳು. ಮರುದಿನ ಅವಳು ಅತ್ತ ಸುಳಿಯುವುದಿಲ್ಲ. ಹೆಣ್ಣಿನ ತೋಳಿಗೆ ಇದು ಸಾಧ್ಯವಲ್ಲವೆಂದು ಹನ್ನೆರಡನೆಯ ವಯಸ್ಸಿನಲ್ಲಿ ಮಾಡಿಕೊಂಡ ಈ ನಿರ್ಣಯವು ಅನೇಕರಲ್ಲಿ ಆಯುಷ್ಯಪರ್ಯಂತ ಉಳಿಯುವುದು. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪೋಷಕರ ಮುಂದೆಯೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಬಯಸುವೆವು.

ಭೇದವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹತ್ತು ಹನ್ನೊಂದು ವರ್ಷಗಳವರೆಗೆ ಬಾಲಕ ಬಾಲಿಕೆಯರ ತೋಳ್ಬಲದಲ್ಲಿ ಅಂತರವು ಅಲ್ಪ. ಪ್ರಾಯವು ಬರುತ್ತಲೇ ಹುಡುಗರ ಶರೀರದಲ್ಲಿ ಟೆಸ್ಟೋಸ್ಟೆರೋನ್ ಎಂಬ ರಸವು ಹೆಚ್ಚಿ ಹೆಗಲು ತೋಳುಗಳ ಸ್ನಾಯುಗಳನ್ನು ಬೆಳೆಯಿಸುವುದು. ಹುಡುಗಿಯರಲ್ಲಾದರೋ ಪ್ರಕೃತಿಯು ಬೇಕೆಂದೇ ತುಸು ಕೊಬ್ಬನ್ನು ಕೂಡಿಡುವುದು. ಬೆಳೆದ ಸ್ತ್ರೀಯರ ತೋಳ್ಬಲವು ಪುರುಷರ ಬಲದಲ್ಲಿ ಸುಮಾರು ನೂರಕ್ಕೆ 50ರಿಂದ 60ರಷ್ಟು. ಕಾಲುಗಳಲ್ಲಿ ಅಂತರವು ಇಷ್ಟಿಲ್ಲ. ಕಂಬಿಯ ಮೇಲೆ ಎತ್ತಬೇಕಾದುದು ಸ್ವಂತ ಮೈಭಾರವನ್ನೇ ಆದುದರಿಂದ ಈ ಅಂತರವು ಅಲ್ಲಿ ಎದ್ದು ಕಾಣುವುದು. ಅಮೆರಿಕದ ಮೆರೀನ್ ಸೈನ್ಯವು 2014ರ ಜನವರಿಯಿಂದ ಸ್ತ್ರೀಯರೂ ಮೂರು ಸಲ ಮೈಯನ್ನೆತ್ತಬೇಕೆಂದು ವಿಧಿಸಹೊರಟು, 2013ರಲ್ಲಿ ಹೊಸಬರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತರಬೇತಿಯ ಕೊನೆಯಲ್ಲೂ ಅದು ಆಗದಿರಲು ಆಜ್ಞೆಯನ್ನು ಮುಂದೂಡಿತು. ಇದನ್ನು ಸ್ತ್ರೀಯರ ಅಶಕ್ತಿಗೆ ಸಾಕ್ಷಿಯೆಂದವರುಂಟು. ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಅದನ್ನು ಮಾಡಿ ತೋರಿಸಿದರೆಂಬುದೇ ನಮಗೆ ಮುಖ್ಯವಾಗಿ ತೋರುವುದು.

ಹಾಗಾದರೆ ನಮ್ಮ ಹುಡುಗಿಯು ಎಲ್ಲಿಂದ ಆರಂಭಿಸತಕ್ಕದ್ದು? ಎತ್ತುವುದರಿಂದಲ್ಲ, ಇಳಿಯುವುದರಿಂದ. ಸ್ನಾಯುವು ಕುಗ್ಗುತ್ತ ಎತ್ತಬಲ್ಲ ಭಾರಕ್ಕಿಂತ, ನೀಳುತ್ತ ತಡೆದು ಇಳಿಸಬಲ್ಲ ಭಾರವು ಹೆಚ್ಚು. ತುಂಬಿದ ಕೊಡವನ್ನು ಹೆಗಲಿಗೆ ಏರಿಸಲಾರದವಳೂ ಹೆಗಲಿನಿಂದ ಮೆಲ್ಲಗೆ ಕೆಳಗಿಡಬಲ್ಲಳಷ್ಟೆ. ಆದುದರಿಂದ ಒಂದು ಗಟ್ಟಿ ಮಣೆಯನ್ನೋ ಸ್ಟೂಲನ್ನೋ ಏರಿ, ಗದ್ದವು ಕಂಬಿಯ ಮೇಲಿರುವಂತೆ ಹಿಡಿದು, ಕಾಲುಗಳನ್ನು ತೆಗೆದು, ಒಂದರಿಂದ ಐದರವರೆಗೆ ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಹೀಗೆ ಮೂರು ನಾಲ್ಕು ಸಲ ಸಾಕು. ವಾರಕ್ಕೆ ಎರಡು ಮೂರು ದಿನ, ನಡುವೆ ವಿಶ್ರಾಂತಿಯ ದಿನವೊಂದು. ಇದರೊಡನೆ ಸೊಂಟದೆತ್ತರದ ಕಂಬಿಯ ಕೆಳಗೆ ಒರಗಿ, ಹಿಮ್ಮಡಿಗಳನ್ನು ನೆಲಕ್ಕೂರಿ, ಎದೆಯನ್ನು ಕಂಬಿಯೆಡೆಗೆ ಎಳೆಯುವ ಅಭ್ಯಾಸವೂ ಇರಲಿ. ಕಂಕುಳಿನಿಂದ ಸೊಂಟದವರೆಗೆ ಹರಡಿರುವ ಬೆನ್ನಿನ ಅಗಲವಾದ ಸ್ನಾಯುವೇ ಇಲ್ಲಿ ಹೆಚ್ಚಿನ ಕೆಲಸಗಾರನು. ಹುಡುಗಿಯರು ಅದನ್ನು ಮರೆತು ಬರಿಯ ಮುಂದೋಳಿನಿಂದ ಎಳೆಯಹೋಗಿ ಬೇಗ ದಣಿಯುವರು. ಮೊದಲು ಹೆಗಲುಗಳನ್ನು ಕೆಳಕ್ಕೆ ಸೆಳೆದು, ಬಳಿಕ ಮೊಣಕೈಗಳನ್ನು ಪಕ್ಕೆಯ ಕಡೆಗೆ ತರಬೇಕೆಂದು ಹೇಳಿಕೊಟ್ಟರೆ ಅರ್ಧ ಕೆಲಸವು ಮುಗಿದಂತೆ.

ಹಿಂದೆ ಬಾವಿಯಿಂದ ನೀರು ಸೇದುವ ಮನೆಗಳಲ್ಲಿ ಇದೇ ಸ್ನಾಯುಗಳು ದಿನವೂ ಬೆಳಗ್ಗೆ ದುಡಿಯುತ್ತಿದ್ದುವು. ನಲ್ಲಿ ಬಂದುದಕ್ಕೆ ನಾವು ಮರುಗುವವರಲ್ಲ. ಹಗ್ಗದೊಡನೆ ಹೋದ ವ್ಯಾಯಾಮಕ್ಕೆ ಮಾತ್ರ ಬೇರೆ ಏರ್ಪಾಡು ಬೇಕಾಗಿದೆ.

ತಾಯಂದಿರ ಭಯಗಳನ್ನೂ ನಾವು ಬಲ್ಲೆವು. ತೋಳುಗಳು ಗರಡಿಯ ಪೈಲ್ವಾನರಂತೆ ದಪ್ಪವಾದಾವೆಂಬ ಶಂಕೆಯು ನಿರಾಧಾರ. ಮೊದಲ ವಾರಗಳಲ್ಲಿ ಹೆಚ್ಚುವ ಬಲವು ಬಹುಪಾಲು ನರಗಳು ಸ್ನಾಯುಗಳನ್ನು ಒಟ್ಟಾಗಿ ದುಡಿಸಲು ಕಲಿಯುವುದರಿಂದ ಬರುವುದು. ಮುಟ್ಟಿನ ದಿನಗಳಲ್ಲಿ ಹುಡುಗಿಗೆ ಹಿತವೆನಿಸಿದರೆ ಅಭ್ಯಾಸವನ್ನು ಬಿಡಬೇಕಾಗಿಲ್ಲ. ನಿಜವಾದ ಅಪಾಯವು ಬೇರೊಂದುಂಟು: ಭಾರವು ಕಡಿಮೆಯಾದರೆ ಏರುವುದು ಸುಲಭವೆಂದು ಯಾವಳೋ ಹೇಳಿದ ಮಾತನ್ನು ಹಿಡಿದು ಬೆಳೆಯುವ ಹುಡುಗಿಯು ಊಟವನ್ನು ತಗ್ಗಿಸುವುದು. ಇದನ್ನು ಮನೆಯವರು ಕಟ್ಟುನಿಟ್ಟಾಗಿ ತಡೆಯಬೇಕು. ಸ್ನಾಯುವು ಬೆಳೆಯುವುದು ಕಾಳು, ಹಾಲು, ಮೊಟ್ಟೆ, ಮೀನುಗಳಿಂದ, ಹಸಿವಿನಿಂದಲ್ಲ. ಮೈಕೈ ನೋವು ಎರಡು ದಿನವಿದ್ದರೆ ಚಿಂತೆಯಿಲ್ಲ. ಹೆಗಲಿನ ಕೀಲಿನಲ್ಲಿ ಚುಚ್ಚುವ ನೋವಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಮೊದಲನೆಯ ಪೂರ್ಣ ಏರಿಕೆಗೆ ಕೆಲವರಿಗೆ ಎರಡು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯಬಹುದು. ಅಷ್ಟರವರೆಗೆ ಹುಡುಗಿಯು ಏರಿದ ಲೆಕ್ಕವನ್ನಿಡದೆ, ಇಳಿಯಲು ತಡೆದು ನಿಂತ ಕ್ಷಣಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಲಿ. ಮನೆಯ ಬಾಗಿಲಿನಲ್ಲಿ ಕಂಬಿಯನ್ನು ಕೂರಿಸುವವರು, ಮಗಳು ಹಿಡಿಯುವ ಮುನ್ನ ಮನೆಯ ಅತಿ ಭಾರದವರೊಬ್ಬರು ಅದಕ್ಕೆ ಜೋತುಬಿದ್ದು ನೋಡುವಂತೆ ಮಾಡಲಿ.