ಫೀಟ್‌ಗಳಿಗೆ ಅವಕಾಶ ಕೊಡಬೇಕೇ?

ಪ್ರಶ್ನೆ: ಗೆಳೆಯರಿಗಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಡೆಸುತ್ತಿದ್ದೇನೆ. ‘ಫೀಟ್’ ಎಂಬ ಐಚ್ಛಿಕ ಸಾಮರ್ಥ್ಯಗಳಿಗೆ ಒಪ್ಪಿಗೆ ಕೊಡಲೇ?

ಉತ್ತರ: ಖಂಡಿತ ಕೊಡಿ. 2024ರ ನಿಯಮಪುಸ್ತಕದಲ್ಲಿ ಅವು ಆಟದ ಭಾಗವೇ ಆಗಿವೆ. 2014ರದ್ದರಲ್ಲಿ ಮಾತ್ರ ಆಟ ನಡೆಸುವವರ ಇಚ್ಛೆಗೆ ಬಿಟ್ಟದ್ದು. ನಿಮ್ಮಲ್ಲಿರುವುದು ಹಳೆಯದೇ ಇರಬೇಕು. ಅದರಲ್ಲೂ ಫೀಟ್ ಪುಕ್ಕಟೆಯೇನಲ್ಲ. ನಾಲ್ಕನೇ ಹಂತದಲ್ಲಿ ಶಕ್ತಿ, ಚುರುಕುತನದಂಥ ಗುಣಗಳಿಗೆ ಸಿಗಬೇಕಾದ 2 ಅಂಕ ಬಿಟ್ಟುಕೊಟ್ಟೇ ಪಡೆಯಬೇಕು.

ತೊಡಕಿರುವುದು ಒಂದೆರಡರಲ್ಲಿ. ‘ಶಾರ್ಪ್‌ಶೂಟರ್’ ನೋಡಿ: ದಾಳ ಉರುಳಿಸುವ ಮೊದಲೇ ಅದರಲ್ಲಿ 5 ಕಳೆಯಲು ಒಪ್ಪಿದರೆ, ಬಾಣ ತಾಗಿದಾಗ ಪೆಟ್ಟಿಗೆ 10 ಕೂಡುತ್ತದೆ. ಉದ್ದಬಿಲ್ಲಿನ ಮೂಲ ಪೆಟ್ಟೇ ಎಂಟು ಮುಖದ ಒಂದು ದಾಳದಷ್ಟು! ಪಕ್ಕದಲ್ಲಿ ಸಣ್ಣ ಕತ್ತಿ ಹಿಡಿದವಳು ತನ್ನ ಸರದಿ ಬಂದಾಗ ಮಂಕಾಗುವುದನ್ನು ನಾನು ಕಂಡಿದ್ದೇನೆ. ಅದಕ್ಕೇ ನನ್ನ ಮೇಜಿನಲ್ಲಿ ಇದಕ್ಕೆ ಜಾಗವಿಲ್ಲ. ‘ಆಕ್ಟರ್’ ಹಾಗಲ್ಲ. ಒಂದು ನಿಮಿಷ ಕೇಳಿದ ದನಿಯನ್ನು ಹಾಗೇ ಅನುಕರಿಸಬಲ್ಲ ಪಾತ್ರ ಕಾವಲುಗಾರನನ್ನು ಬಾಗಿಲಾಚೆಯಿಂದಲೇ ಯಾಮಾರಿಸಿದರೆ ಇಡೀ ಕೋಣೆ ಕೇಕೆ ಹಾಕುತ್ತದೆ.

ಯಾವುದು ಬೇಡವೆಂದು ಪಾತ್ರ ಕಟ್ಟುವ ದಿನವೇ ಎಲ್ಲರಿಗೂ ಹೇಳಿಬಿಡಿ. ನಡುವೆ ಕಿತ್ತುಕೊಂಡರೆ ತುಂಬ ನೋವಾಗುತ್ತದೆ.